ನೆಲದಾಳದ ಗಟ್ಟಿ ತೈಲಕ್ಕೆ ಉಗಿಯೋ, ದ್ರಾವಕದ ಆವಿಯೋ?

ಭೂಮಿಯೊಳಗೆ ಕಚ್ಚಾ ತೈಲ ಕೆರೆಯಂತೆ ನಿಂತಿರುತ್ತದೆ, ಕೊಳವೆ ಇಳಿಸಿದರೆ ಚಿಮ್ಮುತ್ತದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಆದರೆ ತೈಲ ಇರುವುದು ಬಂಡೆ ಅಥವಾ ಮರಳಿನ ಸಣ್ಣ ಸಣ್ಣ ರಂಧ್ರಗಳಲ್ಲಿ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮರಳಿನಲ್ಲಿರುವ ಬಿಟುಮೆನ್ ಎಂಬ ಭಾರ ತೈಲವಂತೂ ಡಾಂಬರಿನಂತೆ ಗಟ್ಟಿ. ಅದು ತಾನಾಗಿ ಹರಿಯುವುದಿಲ್ಲ. ಅದರ ಬಹುಪಾಲು, ಗಣಿ ಅಗೆದು ತೆಗೆಯಲಾಗದಷ್ಟು ಆಳದಲ್ಲಿದೆ.

ಹಾಗಾದರೆ ಅದನ್ನು ಹೊರತೆಗೆಯುವುದು ಹೇಗೆ? ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ನಾವು ಬಿಸಿಲಿಗೆ ಇಡುತ್ತೇವೆ. ಕೈಗೆ ಅಂಟಿದ ಪೇಂಟನ್ನು ಸೀಮೆಎಣ್ಣೆ ಹಚ್ಚಿ ಒರೆಸುತ್ತೇವೆ. ಮೊದಲನೆಯದರಲ್ಲಿ ಕೆಲಸ ಮಾಡುವುದು ಶಾಖ, ಎರಡನೆಯದರಲ್ಲಿ ದ್ರಾವಕ. ತೈಲ ತೆಗೆಯುವವರಿಗೂ ಇರುವುದು ಈ ಎರಡು ದಾರಿಗಳೇ.

ಆಲ್ಬರ್ಟಾದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಶಾಖದ ದಾರಿ. ಸುಮಾರು 5 ಮೀಟರ್ ಅಂತರದಲ್ಲಿ, ಒಂದರ ಮೇಲೊಂದರಂತೆ ಎರಡು ಅಡ್ಡ ಬಾವಿಗಳನ್ನು ಕೊರೆಯುತ್ತಾರೆ. ಮೇಲಿನದಕ್ಕೆ 200 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾದ ಉಗಿ ಬಿಡುತ್ತಾರೆ. ತೆಳುವಾದ ತೈಲ ಗುರುತ್ವದಿಂದ ಕೆಳಗಿನ ಬಾವಿಗೆ ಇಳಿಯುತ್ತದೆ, ಅಲ್ಲಿಂದ ಪಂಪ್ ಮಾಡುತ್ತಾರೆ. ಒಂದು ಬ್ಯಾರೆಲ್ ತೈಲಕ್ಕೆ ಎರಡು-ಮೂರು ಬ್ಯಾರೆಲ್ ನೀರನ್ನು ಉಗಿಯಾಗಿಸಬೇಕು. ಅದಕ್ಕಾಗಿ ನೈಸರ್ಗಿಕ ಅನಿಲ ಉರಿಸುವುದರಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಈ ವಿಧಾನವನ್ನು ರೂಪಿಸಿದ ಎಂಜಿನಿಯರ್ ರೋಜರ್ ಬಟ್ಲರ್ ಅವರೇ ಮುಂದೆ ‘ವೇಪೆಕ್ಸ್’ ಎಂಬ ಇನ್ನೊಂದು ವಿಧಾನವನ್ನೂ ಮುಂದಿಟ್ಟರು. ಇದರಲ್ಲಿ ಉಗಿಯ ಬದಲು ಪ್ರೊಪೇನ್ ಅಥವಾ ಬ್ಯೂಟೇನ್ ಆವಿ ಬಳಸುತ್ತಾರೆ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರುವುದೂ ಇವೇ ಅನಿಲಗಳು. ಆವಿ ತೈಲದಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ. ನೀರು ಕುದಿಸುವ ಗೋಜಿಲ್ಲ.

ಮತ್ತೆ ಎಲ್ಲರೂ ಇದನ್ನೇ ಏಕೆ ಬಳಸುತ್ತಿಲ್ಲ? ಶಾಖ ಹರಡುವ ವೇಗಕ್ಕೆ ಹೋಲಿಸಿದರೆ, ದ್ರಾವಕದ ಅಣುಗಳು ಗಟ್ಟಿ ತೈಲದೊಳಗೆ ನುಸುಳುವುದು ನೂರಾರು ಪಟ್ಟು ನಿಧಾನ. ಜೊತೆಗೆ ದ್ರಾವಕ ದುಬಾರಿ, ಅದರ ಒಂದು ಪಾಲು ನೆಲದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಉಗಿಯೊಂದಿಗೆ ದ್ರಾವಕ ಬೆರೆಸುವ ನಡುದಾರಿ ಹುಟ್ಟಿಕೊಂಡಿದೆ. ಇಂಪೀರಿಯಲ್ ಆಯಿಲ್ ಕಂಪನಿ 2024ರಲ್ಲಿ ಆಲ್ಬರ್ಟಾದ ಕೋಲ್ಡ್ ಲೇಕ್‌ನಲ್ಲಿ ಇದನ್ನು ವಾಣಿಜ್ಯ ಮಟ್ಟದಲ್ಲಿ ಆರಂಭಿಸಿತು.

ಹಾಗಾದರೆ ಇದು ‘ಶುದ್ಧ ತೈಲ’ವೇ? ಅಲ್ಲ. ಉಗಿ ಉಳಿತಾಯವಾದರೆ ಬಾವಿಯ ಬಳಿ ಹೊಗೆ ಕಡಿಮೆಯಾಗುವುದು ನಿಜ. ಆದರೆ ತೈಲದಿಂದಾಗುವ ಇಂಗಾಲ ಹೊರಸೂಸುವಿಕೆಯಲ್ಲಿ ಹೆಚ್ಚಿನ ಪಾಲು ಅದನ್ನು ವಾಹನಗಳಲ್ಲಿ ಉರಿಸಿದಾಗ ಬರುವಂಥದ್ದು. ಆ ಪಾಲು ಇದರಿಂದ ತಗ್ಗುವುದಿಲ್ಲ. ‘ಹೊರಸೂಸುವಿಕೆ ಇಳಿಸಿದ್ದೇವೆ’ ಎಂದು ಯಾವುದೇ ತೈಲ ಕಂಪನಿ ಹೇಳಿದಾಗ, ಲೆಕ್ಕ ಬಾವಿಯವರೆಗಿನದೋ, ಎಂಜಿನ್‌ವರೆಗಿನದೋ ಎಂದು ನಾವು ಕೇಳಬೇಕು.