ಮಷೀನು ಆಮೇಲೆ ಕೊಳ್ಳೋಣ, ಮೊದಲು ಉಳಿ ಮಸೆಯೋಣ

‘ಅಣ್ಣ, ಗಿಟಾರಿನ ಅಂಚು ಕೊರೆಯೋಕೆ ಯಾವ ಮಷೀನು ತಗೊಳ್ಳಲಿ? ಸಾಲ ಸಿಗುತ್ತೆ ಅಂತಾವ್ರೆ.’

ಪಾಂಡವಪುರದ ಕಡೆಯ ಮರಗೆಲಸದ ಹುಡುಗನೊಬ್ಬ ನಮ್ಮನ್ನು ಹೀಗೆ ಕೇಳಿದ. ಅವನ ಅಪ್ಪ ಬಾಗಿಲು, ಕಿಟಕಿ, ಎತ್ತಿನ ಗಾಡಿಯ ಮೂಕಿ ಮಾಡಿ ಮನೆ ನಡೆಸಿದವರು. ಮಗ ಫೋನಿನಲ್ಲಿ ವಿಡಿಯೊ ನೋಡಿ ಗಿಟಾರ್ ಮಾಡಲು ಹೊರಟಿದ್ದಾನೆ. ನಮಗೆ ಸಂತೋಷವೇ. ಆದರೆ ಅವನ ಮೊದಲ ಪ್ರಶ್ನೆಯೇ ತಪ್ಪು. ಅದು ಅವನ ತಪ್ಪಲ್ಲ. ಮಷೀನು ಮಾರುವವರು, ಸಾಲ ಕೊಡಿಸುವವರು, ವಿಡಿಯೊ ಮಾಡುವವರು ಸೇರಿ ಕಲಿಸಿಕೊಟ್ಟ ತಪ್ಪು.

ಮೊದಲು ಕೆಲಸ ಏನು ಅಂತ ನೋಡೋಣ. ಗಿಟಾರಿನ ಮೇಲಿನ ಹಲಗೆ, ಹಿಂದಿನ ಹಲಗೆ ಪಕ್ಕದ ಹಲಗೆಗೆ ಸೇರುವ ಕಡೆ ಸುತ್ತಲೂ ಒಂದು ಪಟ್ಟಿ ಕೂರಿಸುತ್ತಾರೆ. ಇದಕ್ಕೆ ಬೈಂಡಿಂಗ್ ಅನ್ನುತ್ತಾರೆ. ಸೀರೆಗೆ ಅಂಚು ಇದ್ದ ಹಾಗೆ. ಅಂದಕ್ಕಷ್ಟೇ ಅಲ್ಲ, ಮೂಲೆಗೆ ಪೆಟ್ಟು ಬಿದ್ದರೆ ತಡೆಯುತ್ತದೆ, ಹಲಗೆಯ ತುದಿಯಿಂದ ತೇವ ಒಳಗೆ ಹೋಗದಂತೆ ಕಾಯುತ್ತದೆ. ಆ ಪಟ್ಟಿ ಕೂರಲು ಅಂಚಿನುದ್ದಕ್ಕೂ ಮೆಟ್ಟಿಲಿನಂಥ ಕಾಲುವೆ ತೆಗೆಯಬೇಕು. ಅಗಲ ಸುಮಾರು ಒಂದೂವರೆ ಮಿಲಿಮೀಟರ್, ಎತ್ತರ ಸುಮಾರು ಆರು ಮಿಲಿಮೀಟರ್.

ಈಗ ಅಪಾಯ ನೋಡಿ. ಗಿಟಾರಿನ ಪಕ್ಕದ ಹಲಗೆಯ ದಪ್ಪವೇ ಸುಮಾರು ಎರಡು ಮಿಲಿಮೀಟರ್. ಅಂದರೆ ಕಾಲುವೆ ತೆಗೆದ ಮೇಲೆ ಅಲ್ಲಿ ಉಳಿಯೋದು ಅರ್ಧ ಮಿಲಿಮೀಟರ್ ಮತ್ತು ಒಳಗೆ ಅಂಟಿಸಿದ ಆಸರೆ ಪಟ್ಟಿ. ಕೈ ಒಂದು ಕೂದಲೆಳೆ ಜಾರಿದರೂ ಮರ ಹಾಳು. ಅದೂ ಮರಗೆಲಸ ಬಹುಪಾಲು ಮುಗಿದ ಮೇಲೆ ಬರುವ ಹೆಜ್ಜೆ ಇದು. ತಿಂಗಳ ದುಡಿಮೆ ಒಂದು ಚಣದಲ್ಲಿ ಹೋಗುತ್ತದೆ.

ಇಂಥ ಕೆಲಸಕ್ಕೆ ವಿಡಿಯೊಗಳು ತೋರಿಸೋದು ರೂಟರ್. ನಿಮಿಷಕ್ಕೆ 30,000 ಸುತ್ತಿನವರೆಗೆ ತಿರುಗುವ ಮಷೀನು. ಅದು ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಆದರೆ ವಿಡಿಯೊದವರು ಅವಸರದಲ್ಲಿ ಹಾರಿಸಿಬಿಡುವ ಮೂರು ಮಾತಿವೆ.

ಒಂದು, ಗಿಟಾರಿನ ಹಿಂಬದಿ ಚಪ್ಪಟೆ ಅಲ್ಲ, ಸ್ವಲ್ಪ ಉಬ್ಬಿರುತ್ತದೆ. ರೂಟರನ್ನು ಅದರ ಮೇಲೆ ಹಾಗೇ ಕೂರಿಸಿದರೆ ಮಷೀನು ವಾಲುತ್ತದೆ, ಕಾಲುವೆಯೂ ಓರೆಯಾಗುತ್ತದೆ. ಮಷೀನನ್ನು ಪಕ್ಕದ ಹಲಗೆಗೆ ನೇರವಾಗಿ ಹಿಡಿಯುವ ಚೌಕಟ್ಟು ಬೇಕು. ಅದು ಬೇರೆ ಖರ್ಚು.

ಎರಡು, ಮರದ ಎಳೆ ನೋಡದೆ ಒಂದೇ ದಿಕ್ಕಿನಲ್ಲಿ ಸುತ್ತು ಹಾಕಿದರೆ ಸೊಂಟದ ತಿರುವಿನಲ್ಲಿ ಚಕ್ಕೆ ಏಳುತ್ತದೆ. ಅಗಲವಾದ ಕಡೆಯಿಂದ ಸೊಂಟದ ಕಡೆಗೆ, ಅಗಲವಾದ ಕಡೆಯಿಂದ ತುದಿಯ ಕಡೆಗೆ, ಹೀಗೆ ತುಂಡು ತುಂಡಾಗಿ ಕೊರೆಯಬೇಕು. ಕೆಲವು ಕಡೆ ಬ್ಲೇಡು ಎಳೆದುಕೊಂಡು ಹೋಗುವ ದಿಕ್ಕಿನಲ್ಲೇ ಮಷೀನು ಸಾಗಿಸಬೇಕಾಗುತ್ತದೆ. ಪಳಗದ ಕೈಗೆ ಅದು ಅಪಾಯ.

ಮೂರು, ಬೀಟೆ ಮರದ ನುಣ್ಣನೆ ದೂಳು. ಕೆಲವರಿಗೆ ಚರ್ಮ ಕೆರೆತ, ಉಬ್ಬಸ ತರುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಮಾಸ್ಕ್ ಇಲ್ಲದೆ ರೂಟರ್ ಓಡಿಸುವುದು ಜೀವಕ್ಕೆ ಕುತ್ತು.

ಹಾಗಾದರೆ ಏನು ಕೊಳ್ಳಬೇಕು? ನಮ್ಮ ಮಾತು ನೇರ. ತಿಂಗಳಿಗೊಂದು ಗಿಟಾರ್ ಮಾಡುವವನಿಗೆ, ವೀಣೆ ರಿಪೇರಿ ಮಾಡುವವನಿಗೆ ಮೊದಲು ಬೇಕಾದದ್ದು ಅಂಚಿಗೆ ಆನಿಸಿ ಗೆರೆ ಕೊಯ್ಯುವ ಸಣ್ಣ ಚಾಕುಕಟ್ಟು, ಎರಡು ಸಣ್ಣ ಉಳಿ, ಒಂದು ಒಳ್ಳೆ ಸಾಣೆಕಲ್ಲು. ಮರದ ತುಂಡಿಗೆ ಬ್ಲೇಡು ಬಿಗಿದು ಚಾಕುಕಟ್ಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಮೇಲೊಂದು ಗೆರೆ, ಪಕ್ಕದಲ್ಲೊಂದು ಗೆರೆ. ಮೊದಲ ಎಳೆತ ಹಗುರ, ಆಮೇಲೆ ಸ್ವಲ್ಪ ಸ್ವಲ್ಪ ಆಳ. ಎರಡು ಗೆರೆ ಕೂಡಿದ ಮೇಲೆ ನಡುವಿನ ಮರವನ್ನು ಉಳಿಯಿಂದ ಎತ್ತಿ ತೆಗೆಯಿರಿ. ಇಡೀ ದಿನ ಹಿಡಿದರೂ ಹಿಡಿಯಲಿ. ಕೈ ತಪ್ಪಿದರೆ ಒಂದು ಗೀರು ಬೀಳುತ್ತದೆ, ಗಿಟಾರ್ ಹೋಗುವುದಿಲ್ಲ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

‘ಈ ಕಾಲದಲ್ಲೂ ಕೈಕೆಲಸವಾ?’ ಅಂತ ನಗುವವರಿಗೆ ಹೇಳುತ್ತೇವೆ: ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿಲೋಮೀಟರ್. ಅಲ್ಲಿ ಬೀಟೆ ಮರದಲ್ಲಿ ಸಣ್ಣ ಕುಳಿ ಕೊರೆದು ಬಣ್ಣದ ಮರದ ಚೂರು ಕೂರಿಸುವ ಕುಸುರಿ ಕೆಲಸ ಇವತ್ತಿಗೂ ಇದೆ, ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಹಿಂದೆ ದಂತ ಕೂರಿಸುತ್ತಿದ್ದರು, ಈಗ ಅದು ನಿಷಿದ್ಧ. ಗಿಟಾರಿನ ಅಂಚಿಗೆ ಬೇಕಾದ ಕೈಪಳಕ ಇದರ ಒಡಹುಟ್ಟೇ. ಗುರು ಪಕ್ಕದಲ್ಲೇ ಇರುವಾಗ ಸಾಲ ಮಾಡಿ ಮಷೀನು ತಂದು ಎದುರಿಗಿಟ್ಟುಕೊಂಡು ಕೂರುವುದು ಯಾವ ಜಾಣತನ?

ಹಾಗಂತ ಕೈಕೆಲಸವೇ ದೇವರು ಅನ್ನುವವರ ಜೊತೆಗೂ ನಾವಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಗುಡಿಗೆ ಹೋಗಿ ನೋಡಿ. ಹೊಯ್ಸಳರ ಶಿಲ್ಪಿಗಳು ಕಂಬವನ್ನು ತಿರುಗಣಿಗೆ ಕೊಟ್ಟು ಕಡೆದರು, ದೇವರ ಒಡವೆಯನ್ನು ಉಳಿಯಲ್ಲಿ ಬಿಡಿಸಿದರು. ಎಲ್ಲಿ ಯಂತ್ರ, ಎಲ್ಲಿ ಕೈ ಅನ್ನುವ ವಿವೇಕ ಅವರಿಗಿತ್ತು. ನಾಗಮಂಗಲದ ಲೋಹದ ಕೆಲಸದವರನ್ನು ಕೇಳಿದರೂ ಎರಕ ಎಷ್ಟು, ಅರ ಎಷ್ಟು ಅಂತ ಹೇಳುತ್ತಾರೆ. ತಿಂಗಳಿಗೆ ಹತ್ತು ಗಿಟಾರಿನ ಆರ್ಡರ್ ಬಂದ ದಿನ ರೂಟರ್ ಕೊಳ್ಳಿ, ಚೌಕಟ್ಟಿನ ಸಮೇತ ಕೊಳ್ಳಿ, ಚೂರು ಮರದ ಮೇಲೆ ಪಳಗಿ. ಅಲ್ಲಿಯವರೆಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಇನ್ನು ಸರ್ಕಾರದ ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ತರಬೇತಿ ದಿನಗಳಿಗೆ 500 ರೂಪಾಯಿ ಭತ್ಯೆ, ಎರಡು ಕಂತಲ್ಲಿ 3 ಲಕ್ಷದವರೆಗೆ ಸಾಲ ಇದೆ. ಒಳ್ಳೆಯದು. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ ಇದ್ದಾನೆ, ಗೊಂಬೆ ಮಾಡುವವರು ಇದ್ದಾರೆ, ವಾದ್ಯ ಮಾಡುವವರು ಪ್ರತ್ಯೇಕವಾಗಿ ಇಲ್ಲ. ಬಾಗಿಲು ಮಾಡುವವನಿಗೂ ವೀಣೆ ಮಾಡುವವನಿಗೂ ಒಂದೇ ಪೆಟ್ಟಿಗೆ ಕೊಟ್ಟರೆ ಹೇಗೆ?

ಇದೇನು ಸಣ್ಣ ವಿಷಯ ಅನ್ನಬೇಡಿ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲಿನ ಮರ ಬಿಟ್ಟು ಭಾರತದ ಬೀಟೆಗೆ ಬಂತು. ಇವತ್ತು ಜಗತ್ತಿನ ಎಷ್ಟೋ ಒಳ್ಳೆ ಗಿಟಾರುಗಳ ಮೈ ನಮ್ಮ ನಾಡಿನ ಕಾಡುಗಳಲ್ಲಿ ಬೆಳೆಯುವ ಜಾತಿಯ ಮರವೇ. 2017ರಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಂದರೆ ಬೆಲೆ ಇರೋದು ಹಲಗೆ ಮಾರುವುದರಲ್ಲಲ್ಲ, ವಾದ್ಯ ಮಾಡುವುದರಲ್ಲಿ. ಹಲಗೆ ಇಲ್ಲಿಂದ, ಕೆಲಸ ಅಲ್ಲಿ, ಲಾಭವೂ ಅಲ್ಲಿ ಅನ್ನೋ ಲೆಕ್ಕ ಕಬ್ಬು ಬೆಳೆದ ನಮ್ಮ ಜಿಲ್ಲೆಗೆ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ನಾವು ಕೇಳುತ್ತೇವೆ. ವಾದ್ಯ ಮಾಡುವವರನ್ನು ಪಟ್ಟಿಗೆ ಸೇರಿಸಿ. ಉಪಕರಣದ ಆಯ್ಕೆ ಕೆಲಸಗಾರನಿಗೆ ಬಿಡಿ. ಮೈಸೂರಿನ ಕುಸುರಿಯವರನ್ನು ಕರೆಸಿ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ತರಬೇತಿ ಕೊಡಿಸಿ.

ಆ ಹುಡುಗನಿಗೆ ನಾವು ಹೇಳಿದ್ದಿಷ್ಟು: ‘ಸಾಲದ ಅರ್ಜಿ ಈಗ ಬೇಡ ಕಣಪ್ಪ. ನಿಮ್ಮಪ್ಪನ ಪೆಟ್ಟಿಗೆ ತೆಗೆ. ಅದರಲ್ಲಿರುವ ಸಣ್ಣ ಉಳಿ ಹುಡುಕು. ಮೊದಲು ಅದನ್ನು ಮಸಿ.’