ಗುಂಡೇಟಿನಲ್ಲಿ ಏಟೆಷ್ಟು?

2024ರ ಫೆಬ್ರವರಿ 2ರ ರಾತ್ರಿ ಉಲ್ಹಾಸನಗರದ ಹಿಲ್‌ಲೈನ್ ಪೊಲೀಸ್ ಠಾಣೆಯೊಳಗೆ, ಹಿರಿಯ ಇನ್‌ಸ್ಪೆಕ್ಟರರ ಕೋಣೆಯಲ್ಲೇ ಗುಂಡು ಹಾರಿತು. ಹಾರಿಸಿದವರು ಕಲ್ಯಾಣ್ ಪೂರ್ವ ಕ್ಷೇತ್ರದ ಆಗಿನ ಬಿಜೆಪಿ ಶಾಸಕ ಗಣಪತ್ ಗಾಯಕವಾಡ್. ಗುಂಡು ತಗುಲಿದ್ದು ಶಿಂದೆ ಬಣದ ಶಿವಸೇನೆಯ ಮಹೇಶ್ ಗಾಯಕವಾಡ್ ಅವರಿಗೆ. ಜಮೀನಿನ ಜಗಳ. ಸಿಸಿಟಿವಿ ದೃಶ್ಯ ಒಂದೇ ದಿನದಲ್ಲಿ ಡೊಂಬಿವಲಿ, ಕಲ್ಯಾಣದ ಮೊಬೈಲುಗಳನ್ನೆಲ್ಲ ಸುತ್ತಿ ಬಂತು. ಒಂದು ಕೋಣೆಯ ಅಂತರದಿಂದ, ತಪ್ಪುವ ಪ್ರಶ್ನೆಯೇ ಇಲ್ಲದಷ್ಟು ಹತ್ತಿರದಿಂದ ಹೊಡೆದದ್ದು. ಥಾಣೆಯ ಆಸ್ಪತ್ರೆಯಲ್ಲಿ ವೈದ್ಯರು ಆರು ಗುಂಡುಗಳನ್ನು ಹೊರತೆಗೆದರೆಂದು ವರದಿಗಳು ಬಂದವು. ಅದೇ ವರ್ಷ ನವೆಂಬರಿನಲ್ಲಿ ವಿಧಾನಸಭೆ ಚುನಾವಣೆ. ಕಲ್ಯಾಣ್ ಪೂರ್ವದಲ್ಲಿ ಬಿಜೆಪಿಯ ಅಭ್ಯರ್ಥಿ ಗಣಪತ್ ಅವರ ಪತ್ನಿ ಸುಲಭಾ. ಅವರ ವಿರುದ್ಧ ಪಕ್ಷೇತರರಾಗಿ ನಿಂತು ಬೀದಿಬೀದಿ ಸುತ್ತಿ ಮತ ಕೇಳಿದವರಲ್ಲಿ ಒಬ್ಬರು ಇದೇ ಮಹೇಶ್ ಗಾಯಕವಾಡ್. ಗೆದ್ದವರು ಸುಲಭಾ.

ಆ ಫೆಬ್ರವರಿಯಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಆರು ಗುಂಡು ತಿಂದೂ ಬದುಕಿದನಲ್ಲ!’ ಪವಾಡವೆಂದರು ಕೆಲವರು, ಪಿಸ್ತೂಲು ಕಳಪೆ ಎಂದರು ಉಳಿದವರು. ಎರಡೂ ಮಾತಿನ ಬುಡದಲ್ಲಿರುವ ನಂಬಿಕೆ ಒಂದೇ. ಸರಿಯಾದ ಪಿಸ್ತೂಲಿನ ಒಂದು ಗುಂಡು ಸಾಕು, ಮನುಷ್ಯ ನಿಂತಲ್ಲೇ ಉರುಳುತ್ತಾನೆ ಎಂಬುದು.

ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಟಾಪಿಂಗ್ ಪವರ್’ ಎನ್ನುತ್ತಾರೆ. ಅನುವಾದದ ಕೆಲಸದಲ್ಲಿ ಈ ಪದ ನನಗೆ ಹಲವು ಸಲ ಎದುರಾಗಿದೆ, ಹೆಚ್ಚಾಗಿ ಸಿನಿಮಾಗಳ ಸಬ್‌ಟೈಟಲ್‌ನಲ್ಲಿ. ‘ತಡೆಯುವ ಶಕ್ತಿ’ ಎಂದರೆ ಅಣೆಕಟ್ಟಿನ ನೆನಪಾಗುತ್ತದೆ, ‘ನಿಲ್ಲಿಸುವ ಶಕ್ತಿ’ ಎಂದರೆ ಬಸ್ಸಿನ ಬ್ರೇಕು. ಅನುವಾದಕ್ಕೆ ಒಗ್ಗದ ಪದಗಳಲ್ಲಿ ಕೆಲವು ಆಳವಾದವು, ಕೆಲವು ಟೊಳ್ಳು. ಇದು ಎರಡನೆಯ ಜಾತಿಯದು ಎಂದು ನನ್ನ ಅಭಿಪ್ರಾಯ. ಕನ್ನಡದಲ್ಲಿ ನಾವು ‘ಗುಂಡೇಟು’ ಎನ್ನುತ್ತೇವೆ. ಏಟು ಅಂದರೆ ದೊಣ್ಣೆಯದು, ಕೈಯದು; ಬಿದ್ದರೆ ಮೈ ಹಿಂದಕ್ಕೆ ಹೋಗಬೇಕು. ‘ಹೊಡೆದುರುಳಿಸಿದರು’ ಎಂಬ ಪತ್ರಿಕೆಗಳ ಕ್ರಿಯಾಪದವೂ ಅದೇ ಚಿತ್ರ ಕೊಡುತ್ತದೆ. ಮರಾಠಿಯವರು ‘ಗೋಳಿ ಲಾಗಲಿ’ ಅಂದುಬಿಡುತ್ತಾರೆ, ನಮ್ಮ ‘ಗುಂಡು ತಗುಲಿತು’ ಅದಕ್ಕೆ ಸಮ. ಭೌತಶಾಸ್ತ್ರದ ಲೆಕ್ಕದಲ್ಲಿ ಈ ಪೇಲವ ಕ್ರಿಯಾಪದವೇ ಹೆಚ್ಚು ನಿಜ.

ಲೆಕ್ಕ ಸಣ್ಣದು. 9 ಎಂಎಂ ಪಿಸ್ತೂಲಿನ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 350 ಮೀಟರಿನ ಆಸುಪಾಸು. ಅದರ ಆವೇಗವೆಲ್ಲ 70 ಕಿಲೋ ತೂಗುವ ಮನುಷ್ಯನಿಗೆ ಪೂರ್ತಿ ವರ್ಗವಾದರೂ ಅವನು ಚಲಿಸುವ ವೇಗ ಸೆಕೆಂಡಿಗೆ 4 ಸೆಂಟಿಮೀಟರು. ಬೆಳಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತುವಾಗ ಹಿಂದಿನವರ ಮೊಣಕೈ ಇದಕ್ಕಿಂತ ಜೋರಾಗಿ ತಳ್ಳುತ್ತದೆ. ಇನ್ನೊಂದು ದಾರಿಯಿಂದಲೂ ನೋಡಬಹುದು: ಗುಂಡು ಎದುರಿನವನನ್ನು ಎಷ್ಟು ತಳ್ಳುತ್ತದೋ ಹೆಚ್ಚುಕಡಿಮೆ ಅಷ್ಟೇ ಪಿಸ್ತೂಲು ಹಿಡಿದವನ ಕೈಯನ್ನೂ ತಳ್ಳಬೇಕು. ಹೊಡೆದವನು ನಿಂತೇ ಇರುತ್ತಾನೆ, ತಿಂದವನು ಮಾತ್ರ ಗಾಜು ಒಡೆದುಕೊಂಡು ಹಾರಿಹೋಗುತ್ತಾನೆ. ಇದು ಸ್ಟಂಟ್ ಮಾಸ್ಟರು ಕಟ್ಟಿದ ಹಗ್ಗದ ಕೆಲಸ.

ಹಾಗಾದರೆ ಗುಂಡು ಮಾಡುವುದೇನು? ತೂತು. ಮಿದುಳು ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ತಗುಲಿದರೆ ದೇಹ ಆ ಕ್ಷಣವೇ ಕುಸಿಯುತ್ತದೆ. ಉಳಿದೆಲ್ಲ ಕಡೆ ರಕ್ತ ಸೋರಿ ಒತ್ತಡ ಇಳಿಯುವವರೆಗೆ ಕಾಯಬೇಕು. ಹೃದಯವೇ ಛಿದ್ರವಾದರೂ ಮಿದುಳಿನಲ್ಲಿ ಉಳಿದ ಆಮ್ಲಜನಕ 10ರಿಂದ 15 ಸೆಕೆಂಡು ಬೇಕೆಂದ ಕೆಲಸ ಮಾಡಲು ಸಾಕು ಎನ್ನುತ್ತದೆ ಅಮೆರಿಕದ ಎಫ್‌ಬಿಐ 1989ರಲ್ಲಿ ತಯಾರಿಸಿದ ಕೈಪಿಡಿ. ಅದನ್ನು ಬರೆಸಿದ್ದು 1986ರ ಏಪ್ರಿಲಿನ ಮಯಾಮಿಯ ಕಾಳಗ. ದರೋಡೆಕೋರ ಮೈಕೆಲ್ ಪ್ಲ್ಯಾಟನ ತೋಳು ಹೊಕ್ಕ ಗುಂಡೊಂದು ಎದೆಗಿಳಿದು ಶ್ವಾಸಕೋಶ ಹರಿದು ಹೃದಯದ ಹತ್ತಿರ ನಿಂತಿತು. ಅವನು ಅದರ ನಂತರವೂ ಹೊಡೆದಾಡಿದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಎಫ್‌ಬಿಐ ತಪ್ಪನ್ನು ಗುಂಡಿನ ಮೇಲೆ ಹಾಕಿ ದೊಡ್ಡ ಅಳತೆಗೆ ಹೋಯಿತು. ಕಾಲು ಶತಮಾನ ಕಳೆದ ಮೇಲೆ ಮರಳಿ 9 ಎಂಎಂಗೇ ಬಂತು. ಪಿಸ್ತೂಲುಗಳ ನಡುವಿನ ಅಳತೆಯ ವ್ಯತ್ಯಾಸಕ್ಕಿಂತ ಗುಂಡು ಎಲ್ಲಿ ತಗುಲಿತು, ಎಷ್ಟು ಒಳಗೆ ಹೋಯಿತು ಎಂಬುದೇ ಮುಖ್ಯ ಎಂದು ಗೊತ್ತಾಗಲು ಅಷ್ಟು ಕಾಲ ಹಿಡಿಯಿತು.

ಈ ಮಿಥ್ಯೆ ಹುಟ್ಟಿದ ಮನೆಗಳಲ್ಲಿ ಒಂದು ನಮ್ಮ ದೇಶದಲ್ಲೇ ಇದೆ. ಕೋಲ್ಕತ್ತದ ಬಳಿಯ ದಮ್‌ದಮ್ ಎಂದರೆ ಈಗ ವಿಮಾನ ನಿಲ್ದಾಣ. 1890ರ ದಶಕದಲ್ಲಿ ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೈಯೊಳಗೆ ಅರಳಿಕೊಳ್ಳುವ ರೈಫಲ್ ಗುಂಡನ್ನು ಬ್ರಿಟಿಷರು ತಯಾರಿಸಿದರು. ವಾಯವ್ಯ ಗಡಿಯ ಬುಡಕಟ್ಟಿನವರು ಮಾಮೂಲಿ ಗುಂಡಿಗೆ ನಿಲ್ಲುತ್ತಿಲ್ಲ ಎಂಬ ದೂರು ಅದಕ್ಕೆ ಕಾರಣ. 1899ರ ಹೇಗ್ ಸಮ್ಮೇಳನ ಅಂಥ ಗುಂಡನ್ನು ಯುದ್ಧದಲ್ಲಿ ನಿಷೇಧಿಸುವಾಗ ಬ್ರಿಟಿಷ್ ಪ್ರತಿನಿಧಿ ಹೂಡಿದ ವಾದವನ್ನು ನೋಡಿ: ನಾಗರಿಕ ಸೈನಿಕ ಗಾಯವಾದರೆ ಹಿಂದೆ ಸರಿಯುತ್ತಾನೆ, ‘ಅನಾಗರಿಕ’ ಮುನ್ನುಗ್ಗುತ್ತಲೇ ಇರುತ್ತಾನೆ. ಫಿಲಿಪ್ಪೀನ್ಸ್‌ನಲ್ಲಿ ಮೊರೊ ಹೋರಾಟಗಾರರ ಬಗ್ಗೆ ಅಮೆರಿಕದವರೂ ಇದನ್ನೇ ಹೇಳಿದರು. 1904ರಲ್ಲಿ ಷಿಕಾಗೋದ ಕಸಾಯಿಖಾನೆಯಲ್ಲಿ ದನಗಳ ಮೇಲೂ, ನೇತುಹಾಕಿದ ಶವಗಳ ಮೇಲೂ ಗುಂಡು ಹಾರಿಸಿ .45 ಅಳತೆಗಿಂತ ಕಡಿಮೆ ಬೇಡ ಎಂದು ಶಿಫಾರಸು ಮಾಡಿದರು. ಗುಂಡಿಗೆ ಬೀಳದವನು ಮನುಷ್ಯನಲ್ಲ, ಬೇರೇನೋ ಎಂಬ ಭಾವನೆ ಅಂದಿನಿಂದ ಈ ಪದದ ಒಳಗೇ ಕೂತಿದೆ.

2008ರ ನವೆಂಬರ್ 26ರ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ತುಕಾರಾಮ್ ಓಂಬಳೆ ಕಸಬ್‌ನ ಎಕೆ-47ರ ನಳಿಗೆ ಹಿಡಿದುಕೊಂಡರು. ಅದು ರೈಫಲ್, ಯಾವ ಪಿಸ್ತೂಲಿಗಿಂತಲೂ ಹಲವು ಪಟ್ಟು ಶಕ್ತಿಯದು. ಮೈಯಲ್ಲಿ ಗುಂಡುಗಳು ನೆಟ್ಟರೂ ಅವರ ಕೈ ಸಡಿಲಾಗಲಿಲ್ಲ. ಸಹೋದ್ಯೋಗಿಗಳು ಕಸಬ್‌ನನ್ನು ಜೀವಸಹಿತ ಹಿಡಿದರು. ಓಂಬಳೆಯವರನ್ನು ಆ ಹೊತ್ತಿನಲ್ಲಿ ‘ನಿಲ್ಲಿಸುವ’ ಗುಂಡು ಇರಲಿಲ್ಲ.

ಈಗ ಈ ಮಿಥ್ಯೆಯ ಅವಳಿ ತಂಗಿಯ ವಿಷಯ. ಒಂದು ಗುಂಡಿಗೆ ಮನುಷ್ಯ ಉರುಳುತ್ತಾನೆ ಎಂದು ನಂಬಿದವರು, ಕಾಲಿಗೆ ಹೊಡೆದರೆ ಉರುಳುತ್ತಾನೆ, ಸಾಯುವುದಿಲ್ಲ ಎಂದೂ ನಂಬುತ್ತಾರೆ. ಕರ್ನಾಟಕದ ಪತ್ರಿಕೆ ಓದುವವರಿಗೆ ಈ ಸುದ್ದಿ ಬಾಯಿಪಾಠ: ಸ್ಥಳ ಮಹಜರಿಗೆ ಕರೆದೊಯ್ದಾಗ ಹಲ್ಲೆಗೆ ಯತ್ನ, ಆತ್ಮರಕ್ಷಣೆಗಾಗಿ ಆರೋಪಿ ಕಾಲಿಗೆ ಗುಂಡೇಟು. ಊರಿನ ಹೆಸರೊಂದು ಬದಲಾಗುತ್ತದೆ, ವಾಕ್ಯರಚನೆ ಬದಲಾಗುವುದಿಲ್ಲ. ತೊಡೆಯಲ್ಲಿ ದೇಹದ ದೊಡ್ಡ ಅಪಧಮನಿಗಳಲ್ಲೊಂದು ಹರಿಯುತ್ತದೆ, ಅದು ಹರಿದರೆ ಕೆಲವೇ ನಿಮಿಷ. ಓಡುವ ಕಾಲು ಸಣ್ಣ ಗುರಿ, ತಪ್ಪಿದ ಗುಂಡು ಬೇರೆ ಯಾರನ್ನೋ ಹುಡುಕಿಕೊಂಡು ಹೋಗುತ್ತದೆ. ಗುಂಡು ಕಾಲಿಗೇ ತಗುಲಿದರೂ ಕೈಯಲ್ಲಿ ಮಚ್ಚಿದ್ದವನ ಕೈ ಹಾಗೇ ಇರುತ್ತದೆ. ಪೊಲೀಸರ ಪ್ರಾಣಕ್ಕೆ ನಿಜವಾಗಿ ಕುತ್ತು ಬಂದಿದ್ದರೆ ಕಾಲಿಗೆ ಹೊಡೆಯುವುದರಲ್ಲಿ ಅರ್ಥವಿಲ್ಲ. ನಿಧಾನವಾಗಿ ಕಾಲನ್ನೇ ಆರಿಸಿಕೊಳ್ಳುವಷ್ಟು ಸಮಯವಿದ್ದರೆ ಗುಂಡು ಬೇಕಿತ್ತೇ ಎಂದು ಕೇಳಬೇಕಾಗುತ್ತದೆ. ಸಾಯುವುದಕ್ಕಿಂತ ಕುಂಟುವುದು ಮೇಲಲ್ಲವೇ ಎಂದರೆ ಹೌದು, ಮೇಲೇ. ಆದರೆ ಆಯ್ಕೆ ಆ ಎರಡರ ನಡುವೆಯೇ ಎಂದು ಒಪ್ಪಿಸಿದ್ದು ಯಾರು?

2024ರ ಸೆಪ್ಟೆಂಬರ್ 23ರ ಸಂಜೆ, ಬದ್ಲಾಪುರದ ಶಾಲೆಯೊಂದರಲ್ಲಿ ಪುಟ್ಟ ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯದ ಆರೋಪಿಯನ್ನು ನವಿ ಮುಂಬೈಯ ತಳೋಜಾ ಜೈಲಿನಿಂದ ಪೊಲೀಸ್ ವ್ಯಾನಿನಲ್ಲಿ ಥಾಣೆಯ ಕಡೆ ಕರೆತರಲಾಗುತ್ತಿತ್ತು. ಮುಂಬ್ರಾ ಬೈಪಾಸ್ ಬಳಿ ಅವನು ಅಧಿಕಾರಿಯೊಬ್ಬರ ಪಿಸ್ತೂಲು ಕಸಿದು ಮೂರು ಗುಂಡು ಹಾರಿಸಿದ, ಒಂದು ಆ ಅಧಿಕಾರಿಯ ತೊಡೆಗೆ ತಗುಲಿತು, ಮತ್ತೊಬ್ಬ ಅಧಿಕಾರಿ ಅವನ ತಲೆಗೆ ಹೊಡೆದರು ಎಂಬುದು ಪೊಲೀಸರ ಹೇಳಿಕೆ. ಬೆನ್ನಿಗೇ ಮುಂಬೈಯಲ್ಲಿ ಆಗಿನ ಉಪಮುಖ್ಯಮಂತ್ರಿ ಬಂದೂಕು ಹಿಡಿದ ಚಿತ್ರದ ಫಲಕಗಳು ಎದ್ದವು, ಮೇಲೆ ‘ಬದಲಾ ಪುರಾ’ ಎಂಬ ಬರಹ. ಊರಿನ ಹೆಸರನ್ನು ಒಡೆದು ‘ಸೇಡು ತೀರಿತು’ ಎಂದು ಓದಿಸುವ ಶ್ಲೇಷೆ. ಭಾಷೆಯ ಜಾಣತನ ಇಷ್ಟು ಅಸಹ್ಯವಾಗಿ ಕಂಡದ್ದು ನನಗೆ ಅಪರೂಪ.

ಎರಡು ದಿನಗಳ ನಂತರ ಬಾಂಬೆ ಹೈಕೋರ್ಟು ಪ್ರಶ್ನೆಗಳನ್ನು ಕೇಳಿತು. ತಲೆಗೇ ಏಕೆ, ಕೈಗೋ ಕಾಲಿಗೋ ಏಕಲ್ಲ? ನಾಲ್ವರು ಪೊಲೀಸರಿಗೆ ಒಬ್ಬನನ್ನು ಹಿಡಿದು ಕೂರಿಸಲು ಆಗಲಿಲ್ಲವೇ? ತರಬೇತಿಯಿಲ್ಲದವನು ಪಿಸ್ತೂಲಿನ ಸ್ಲೈಡು ಎಳೆದು ಗುಂಡು ಹಾರಿಸಿದ್ದು ಹೇಗೆ? ಹಾರಿದ ಮೂರರಲ್ಲಿ ಉಳಿದೆರಡು ಗುಂಡು ಎಲ್ಲಿ? ಟಿವಿಯವರು ಹಿಡಿದು ಎಳೆದಾಡಿದ್ದು ಮೊದಲನೆಯದನ್ನು ಮಾತ್ರ, ಸಂಜೆಯೆಲ್ಲ ಕಾಲೋ ತಲೆಯೋ ಎಂಬ ಪಂಚಾಯಿತಿ. ನಾಲ್ಕರಲ್ಲಿ ಅತಿ ದುರ್ಬಲ ಪ್ರಶ್ನೆ ಅದೇ. ಚಲಿಸುವ ವ್ಯಾನಿನ ತಗಡಿನ ಗೋಡೆಗಳ ನಡುವೆ ಕಾಲಿಗೆ ಗುರಿಯಿಡುವುದು ಸುಲಭವಲ್ಲ ಎಂದು ಪೊಲೀಸರು ಉತ್ತರಿಸಬಹುದು, ಆ ಉತ್ತರ ತಪ್ಪೂ ಅಲ್ಲ. ಉಳಿದ ಮೂರಕ್ಕೆ ಅಷ್ಟು ಸಲೀಸಾದ ಉತ್ತರವಿಲ್ಲ. 2025ರ ಜನವರಿಯಲ್ಲಿ ಹೈಕೋರ್ಟಿನ ಮುಂದೆ ಬಂದ ಮ್ಯಾಜಿಸ್ಟ್ರೇಟ್ ವಿಚಾರಣಾ ವರದಿ ಆ ಸಾವಿಗೆ ಐವರು ಪೊಲೀಸರನ್ನು ಹೊಣೆ ಮಾಡಿತು.

ಆ ವ್ಯಾನಿನ ಘಟನೆಗೆ ಸರಿಯಾಗಿ ಹತ್ತು ವರ್ಷ ಮೊದಲು, 2014ರ ಸೆಪ್ಟೆಂಬರ್ 23ರಂದು, ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎನ್‌ಕೌಂಟರ್ ಸಾವುಗಳ ಬಗ್ಗೆ 16 ಸೂಚನೆಗಳನ್ನು ಕೊಟ್ಟಿತ್ತು. ಎಫ್‌ಐಆರ್ ದಾಖಲಿಸಿ, ಬೇರೆ ಠಾಣೆಯ ಅಥವಾ ಸಿಐಡಿಯ ತಂಡದಿಂದ ತನಿಖೆ ಮಾಡಿಸಿ, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಸಿ, ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಶೌರ್ಯ ಪದಕಕ್ಕೆ ಅವಸರ ಬೇಡ. ಗುಂಡನ್ನು ದೇಹದ ಯಾವ ಭಾಗಕ್ಕೆ ಹೊಡೆಯಬೇಕೆಂಬ ಸೂಚನೆ ಆ ಹದಿನಾರರಲ್ಲಿ ಒಂದೂ ಇಲ್ಲ.