ಸಮುದ್ರದ ಪಾಲು

ಗೋದಾವರಿ ತುಂಬಿ ಹರಿದಾಗಲೆಲ್ಲ ಕೇಳಿಬರುವ ಮಾತೊಂದಿದೆ: ‘ಇಷ್ಟೂ ನೀರು ಸಮುದ್ರದ ಪಾಲಾಯಿತು.’ ಈ ಮಾತಿನಲ್ಲಿ ‘ಪಾಲು’ ಎಂದರೆ ನಷ್ಟ. ಅದೇ ಪದಕ್ಕೆ ಹಕ್ಕಿನ ಭಾಗ ಎಂಬ ಅರ್ಥವೂ ಇದೆ ಎಂಬುದನ್ನು ನೀರಾವರಿ ರಾಜಕಾರಣ ಮರೆತೇಬಿಟ್ಟಿದೆ.

ನಾಸಿಕ್‌ನ ಸಾತಪುರ ಕೈಗಾರಿಕಾ ಪ್ರದೇಶಕ್ಕಿಂತ ಮೇಲೆ ಗಂಗಾಪುರ ಅಣೆಕಟ್ಟು. ಬಹುದೂರ ಕೆಳಗೆ, ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ. ಅಕ್ಟೋಬರ್ 15ಕ್ಕೆ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇ. 65ಕ್ಕಿಂತ ಕಡಿಮೆಯಿದ್ದರೆ ಮೇಲಿನ ಅಣೆಕಟ್ಟುಗಳು ನೀರು ಬಿಡಬೇಕೆಂದು ಮಹಾರಾಷ್ಟ್ರದ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ 2014ರಲ್ಲಿ ಆದೇಶಿಸಿತು. ಕೆಳಗಿನವರಿಗೂ ಹಕ್ಕಿದೆ ಎಂಬುದು ಅದರ ನ್ಯಾಯ. ಆದರೆ ನದಿ ಪೈಠಣದಲ್ಲಿ ಮುಗಿಯುವುದಿಲ್ಲ. ಅದರ ಕೊನೆಯ ಪಾಲುದಾರ ಆಂಧ್ರದ ಕೋರಿಂಗ ಕಾಂಡ್ಲಾ ಕಾಡು. ಅದರ ಪರವಾಗಿ ಕೇಳುವವರು ಯಾರು?

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿಂಧೂ ನದಿಯ ಮುಖಜಭೂಮಿ ಸಾಕ್ಷಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿ.ಮೀ. ಬಿಸಿಲಿಗೆ ನೀರು ಆರಿ ಕೆಲವು ಕಾಲುವೆಗಳು ಸಮುದ್ರಕ್ಕಿಂತ ಹೆಚ್ಚು ಉಪ್ಪಾಗುತ್ತವೆ. ಆ ಉಪ್ಪನ್ನು ತಗ್ಗಿಸುತ್ತಿದ್ದುದೂ, ಕಾಡು ಬೇರೂರಲು ಹೊಸ ಹೂಳು ತರುತ್ತಿದ್ದುದೂ ನದಿಯೇ. 1955ರಲ್ಲಿ ಕೋಟ್ರಿ ಬ್ಯಾರೇಜ್ ಬಂತು, ಆಮೇಲೆ ಮಂಗ್ಲಾ, ತರ್ಬೇಲಾ ಅಣೆಕಟ್ಟುಗಳು ಬಂದವು. ಈಗ ವರ್ಷದ ಬಹುಕಾಲ ಕೋಟ್ರಿಯಿಂದಾಚೆ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ. ಎಂಟು ಜಾತಿಯ ಕಾಂಡ್ಲಾ ಗಿಡಗಳಿದ್ದ ಆ ಕಾಡನ್ನು ಇಂದು ಬಹುಪಾಲು ಒಂದೇ ಜಾತಿ ಆವರಿಸಿದೆ: ಎಲೆಯಿಂದ ಉಪ್ಪು ಉಗುಳಿ ಬದುಕುವ ಅವಿಸೀನಿಯಾ ಮರೀನಾ. ಥಟ್ಟಾ, ಬದೀನ್ ಜಿಲ್ಲೆಗಳ ಹೊಲಗಳಿಗೂ ಉಪ್ಪು ನುಗ್ಗಿದೆ.

ಸಿಂಧ್‌ನಲ್ಲಿ ಸಸಿ ನೆಟ್ಟು ಹಸಿರು ಹೆಚ್ಚಿಸಿಲ್ಲವೇ ಎನ್ನಬಹುದು. ನಿಜ, ಹೆಚ್ಚಿದೆ. ಆದರೆ ಸಸಿ ನೆಡಬಹುದು, ಹೂಳನ್ನೂ ಸಿಹಿನೀರನ್ನೂ ನೆಡಲಾಗದು. ಗೋದಾವರಿಯ ಮುಖಜಭೂಮಿ ಒಣನಾಡಲ್ಲ ಎನ್ನಬಹುದು. ಅದೂ ನಿಜ. ಆದರೆ ಅಲ್ಲಿನ ಮಳೆ ಕೆಲವೇ ತಿಂಗಳದ್ದು, ಮತ್ತು ಮಳೆ ಎಷ್ಟು ಸುರಿದರೂ ಅಣೆಕಟ್ಟಿನ ಹಿಂದೆ ಕೂತ ಹೂಳು ಎದ್ದು ಬರುವುದಿಲ್ಲ. ನದಿಯ ಹೆಚ್ಚಿನ ನೀರು ಪ್ರಾಣಹಿತಾ, ಇಂದ್ರಾವತಿಗಳದ್ದು, ನಾಸಿಕ್‌ನ ಹನಿಯಿಂದ ಏನಾದೀತು ಎಂಬುದು ಮೂರನೆಯ ವಾದ. ಪ್ರತಿ ಅಣೆಕಟ್ಟೂ ಹೀಗೆಯೇ ವಾದಿಸಿದರೆ ಕೊನೆಗೆ ಉಳಿಯುವುದು ಮರಳು.

ಮರಾಠವಾಡದ ಕೊಡ ಖಾಲಿಯಿಟ್ಟು ಕಾಡಿಗೆ ನೀರು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಕುಡಿಯುವ ನೀರು ಮೊದಲು. ಆದರೆ ಕಬ್ಬಿನ ಗದ್ದೆಯದ್ದು ‘ಅಗತ್ಯ’, ಕಾಡಿನದ್ದು ‘ಪೋಲು’ ಎಂಬ ಲೆಕ್ಕ ನಿಲ್ಲಬೇಕು. ಹಂಚಿಕೆಯ ಪಟ್ಟಿಯಲ್ಲಿ ಸಮುದ್ರದ ಹೆಸರೂ ಇರಲಿ, ಉಳಿದರೆ ಕೊಡುವ ದಾನವಾಗಿ ಅಲ್ಲ, ಮೊದಲೇ ಎತ್ತಿಡುವ ಪಾಲಾಗಿ.